ಹಲಗೆಗಳ ಹಿಗ್ಗು ಕುಗ್ಗು

ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳಲ್ಲಿ ಅಕ್ಕಿಯ ಪತ್ತಾಯದ ಮುಚ್ಚಳವು ಆಟಿ ತಿಂಗಳಲ್ಲಿ ಬಿಗಿದು ತೆರೆಯಲಾರದಂತಾಗುವುದೂ, ಸುಗ್ಗಿ ತಿಂಗಳ ಬಿಸಿಲಿಗೆ ಅದೇ ಹಲಗೆ ಸೀಳಿ, ಆ ಬಿರುಕಿನಿಂದ ಹುಳು ಒಳಸೇರಿ ಅಕ್ಕಿ ಕೆಡುವುದೂ ಉಂಟು. ಇದಕ್ಕೆ ಮರವನ್ನು ದೂರುವುದು ವಾಡಿಕೆ; ದೋಷವು ಬಹುಮಟ್ಟಿಗೆ ಜೋಡಣೆಯದು.

ಮರವು ಎಷ್ಟೇ ಹಳೆಯದಾದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸದು. ನಾರಿನ ಉದ್ದಕ್ಕೆ ಆಗುವ ವ್ಯತ್ಯಾಸವು ಲೆಕ್ಕಕ್ಕಿಲ್ಲ. ಅಗಲಕ್ಕೆ ಮಾತ್ರ ಹೆಚ್ಚು. ದಿಮ್ಮಿಯ ತಿರುಳಿನಿಂದ ಹೊರಕ್ಕೆ ಸೀಳಿದ ಹಲಗೆಗಿಂತ ಬದಿಯಿಂದ ಪದರಪದರವಾಗಿ ಕೊಯ್ದ ಹಲಗೆಯಲ್ಲಿ ಇದು ಸುಮಾರು ಇಮ್ಮಡಿ. ತೇಗದಂತಹ ಸ್ಥಿರವಾದ ಮರದಲ್ಲಿಯೂ ಒಂದಡಿ ಅಗಲಕ್ಕೆ ವರ್ಷದೊಳಗೆ 1/8 ಅಂಗುಲದಷ್ಟು ವ್ಯತ್ಯಾಸ ಬರಬಹುದು.

ಆದುದರಿಂದ ಅಗಲವಾದ ಹಲಗೆಗೆ ಅಡ್ಡಪಟ್ಟಿಯನ್ನು ಅಂಟಿಸಿ ಮೊಳೆ ಹೊಡೆಯಬಾರದು. ಹಲಗೆಯು ಕುಗ್ಗುವುದು, ಪಟ್ಟಿಯು ಕುಗ್ಗದು, ಸೀಳದೆ ಗತ್ಯಂತರವಿಲ್ಲ. ಪಟ್ಟಿಯ ನಡುವಣ ತಿರುಪುಮೊಳೆಯೊಂದನ್ನೇ ಬಿಗಿಮಾಡಿ, ಇಕ್ಕೆಲದವುಗಳಿಗೆ ಪಟ್ಟಿಯಲ್ಲಿ ನೀಳವಾದ ತೂತುಗಳನ್ನು ಕೊರೆಯತಕ್ಕದ್ದು. ಬಾಗಿಲಿಗಾದರೆ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸುವುದು ಲೇಸು. ಬೇಸಗೆಯಲ್ಲಿ ಮಾಡಿಸಿದರೆ ಹಲಗೆಯ ಇಕ್ಕೆಲದ ತೋಡಿನಲ್ಲಿ ಎಡೆ ಬಿಡಬೇಕು. ಮಳೆಗಾಲದಲ್ಲಾದರೆ ಹೆಚ್ಚು ಎಡೆ ಬೇಡ. ಆದರೆ ಮುಂದೆ ಹಲಗೆ ಕುಗ್ಗಿದಾಗ ಕಳಚದಂತೆ ತೋಡು ಆಳವಾಗಿರಬೇಕು. ಈ ಭೇದವನ್ನು ಬಲ್ಲ ಆಚಾರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಸಿ ಹಲಸಿನ ದಿಮ್ಮಿಯನ್ನು ಕೊಯ್ಸಿದೊಡನೆ ಹಲಗೆಗಳ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ದಪ್ಪವಾಗಿ ಬಳಿಯಬೇಕು. ತುದಿಗಳೇ ಮೊದಲು ಒಣಗಿ ಸೀಳುವುವು. ಬಳಿಕ ನಡುನಡುವೆ ರೀಪುಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿಡತಕ್ಕದ್ದು. ಅಡಕೆ ಹರಡುವ ಅಂಗಳದ ಬಿಸಿಲು ಹಲಗೆಗೆ ಆಗದು.