ಎಕ್ಕುಟ್ಟಿ ಹೋಗು

ಹಳೆಯ ಮೈಸೂರಿನ ಕಡೆಯವರ ಬಾಯಲ್ಲಿ ‘ಎಕ್ಕುಟ್ಟೋಯ್ತು’ ಎಂಬ ಮಾತನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ವ್ಯಾಪಾರ ಮುಳುಗಿದರೂ ಸಂಸಾರ ಒಡೆದರೂ ಇದೇ ಮಾತು. ‘ಹಾಳಾಗಿ ಹೋಯಿತು’ ಎಂದರ್ಥ. ಬೇರೆ ಸೀಮೆಗಳಿಂದ ಬಂದವರಿಗೆ ಇದು ಅಷ್ಟು ಪರಿಚಿತವಲ್ಲದಿರಬಹುದಾದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

ಮೂಲರೂಪ ‘ಎಕ್ಕ ಹುಟ್ಟಿ ಹೋಗು’. ಗ್ರಾಮ್ಯದಲ್ಲಿ ಹಕಾರ ಬಿದ್ದುಹೋಗುವುದು ಸಾಮಾನ್ಯ. ‘ಹುಟ್ಟಿ’ ಎಂಬುದು ‘ಉಟ್ಟಿ’ಯಾಗಿ, ಎಕ್ಕದ ಕೊನೆಯ ಅಕಾರ ಲೋಪಸಂಧಿಯಿಂದ ಹೋಗಿ ‘ಎಕ್ಕುಟ್ಟಿ’ ಆಯಿತು. ಇಸ್ಪೀಟಿನ ಎಕ್ಕಕ್ಕೂ ಕಾಲಿನ ಎಕ್ಕಡಕ್ಕೂ ಇಲ್ಲಿ ಸಂಬಂಧವಿಲ್ಲ, ಜೂಜಿನಿಂದ ಮನೆ ಹಾಳಾಗುವುದು ನಿಜವೇ ಆದರೂ!

ಇದು ಎಕ್ಕದ ಗಿಡ. ಮುಂಬಯಿ, ಪುಣೆಗಳಲ್ಲಿ ಶನಿವಾರ ಮಾರುತಿಯ ಗುಡಿಯ ಮುಂದೆ ‘ರುಯಿ’ ಎಂದು ಮಾಲೆ ಕಟ್ಟಿ ಮಾರುತ್ತಾರಲ್ಲ, ಅದೇ. ರಥಸಪ್ತಮಿಯ ಸ್ನಾನಕ್ಕೂ ಅದರ ಎಲೆಯೇ ಬೇಕು. ಹೀಗೆ ಪೂಜೆಗೆ ಸಲ್ಲುವ ಗಿಡ ಶಾಪದೊಳಕ್ಕೆ ಬಂದುದು ಹೇಗೆ? ಅದರ ಕಾಯಿ ಒಡೆದರೆ ಬೀಜಗಳು ರೇಷ್ಮೆಯಂಥ ಎಳೆಗಳೊಡನೆ ಗಾಳಿಯಲ್ಲಿ ಹಾರುತ್ತವೆ. ಬಿದ್ದ ಕಡೆ, ಪಾಳುಗೋಡೆಯ ಸಂದಿಯಲ್ಲಿಯೂ, ಬೇರು ಬಿಡುತ್ತವೆ. ಕಹಿಹಾಲಿನ ಗಿಡವಾದ್ದರಿಂದ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕವು. ಆದರೆ ದಿನವೂ ಗುಡಿಸಿ ಸಾರಿಸುವ ಅಂಗಳದಲ್ಲಿ ಅದು ನಿಲ್ಲಲಾರದು. ಮೊಳೆತಾಗಲೇ ಯಾರಾದರೂ ಕಿತ್ತು ಎಸೆಯುತ್ತಾರೆ. ಆದ್ದರಿಂದ ‘ನಿನ್ನ ಮನೆ ಎಕ್ಕುಟ್ಟೋಗ’ ಎಂದರೆ ಬಡವನಾಗು ಎಂದಷ್ಟೇ ಅಲ್ಲ. ಗಿಡ ಕೀಳಲು ಒಂದು ಕೈಯೂ ಆ ಮನೆಯಲ್ಲಿ ಉಳಿಯದಿರಲಿ ಎಂದು. ದಿವಾಳಿಯೆದ್ದವನು ಮತ್ತೆ ಅಂಗಡಿ ತೆರೆದಾನು. ಎಕ್ಕ ಹುಟ್ಟಿದ ಮನೆಗೆ ದೀಪ ಹಚ್ಚುವವರೇ ಇಲ್ಲ.

ವ್ಯಾಕರಣದ ಒಂದು ಸಂಗತಿ. ಮೊದಲು ಹುಟ್ಟುತ್ತಿದ್ದುದು ಎಕ್ಕ, ಅದು ಹುಟ್ಟುವ ಜಾಗ ಮನೆ. ಈಗ ‘ವ್ಯಾಪಾರ ಎಕ್ಕುಟ್ಟಿತು’ ಎನ್ನುವಾಗ ವ್ಯಾಪಾರವೇ ಕರ್ತೃ. ಗಿಡ ಕ್ರಿಯಾಪದದೊಳಗೆ ಅಡಗಿಹೋಗಿದೆ. ಹುಡುಗರು ಪರೀಕ್ಷೆಗೂ ಕೆಟ್ಟ ಮೊಬೈಲಿಗೂ ಹೀಗೆ ಹೇಳಿದರೆ ನಮ್ಮ ಆಕ್ಷೇಪಣೆಯಿಲ್ಲ. ಮನುಷ್ಯನ ಮುಖಕ್ಕೆ, ಮನೆಯ ಹೆಸರೆತ್ತಿ ಆಡಿದಾಗ ಮಾತ್ರ ಹಳೆಯ ಅರ್ಥ ಪೂರ್ತಿಯಾಗಿ ಎಚ್ಚರಗೊಳ್ಳುತ್ತದೆ. ಊರಿನ ಮನೆಗೆ ಬೀಗ ಹಾಕಿ ಬಂದ ನಮ್ಮಂಥವರಿಗಂತೂ ಅದು ಬೈಗುಳದಂತೆ ಕೇಳಿಸದೆ ಊರಿನಿಂದ ಬಂದ ಸುದ್ದಿಯಂತೆ ಕೇಳಿಸೀತು.