ಹಂದರವನ್ನು ಹಿಡಿದಿರುವುದು ಯಾವುದು?

ವೈಶಾಖದ ಒಂದು ಸಂಜೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಸವಾಯಿ ಗಂಧರ್ವರ ಹೆಸರಿನ ಸಭಾಭವನದಿಂದ ಹೆಚ್ಚು ದೂರವಿಲ್ಲದ ಒಂದು ಬಯಲಿನಲ್ಲಿ, ಮದುವೆಯ ಹಂದರವನ್ನು ಹಾಕಿದ್ದರು. ಮಕ್ಕಳ ಪಂಕ್ತಿಯ ಊಟ ಮುಗಿದು ಎಲೆ ಎತ್ತುವಷ್ಟರಲ್ಲಿ ಅಡ್ಡಮಳೆಯ ಗಾಳಿ ಬೀಸಿತು. ಹಂದರವು ಒಮ್ಮೆ ಉಬ್ಬಿತು; ಪಡುವಣ ಬದಿಯ ಮೂರು ಗೂಟಗಳು ಕಿತ್ತುಬಂದವು; ಗಳವೊಂದು ಮಕ್ಕಳು ಕುಳಿತೆದ್ದ ಸಾಲಿನ ಮೇಲೆಯೇ ಉರುಳಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆ ಗೂಟಗಳಲ್ಲೊಂದನ್ನು ಎಡವಿಯೇ ನಾನು ಒಳಗೆ ಹೋಗಿದ್ದೆನು. ಬಲಗಳ ಸಮಾಂತರ ಚತುರ್ಭುಜವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವವನು ಅದನ್ನು ನೆಲದ ಮೇಲೆ ಗುರುತಿಸದೆ ಹೋದೆನಲ್ಲಾ ಎಂಬ ಸಂಕೋಚವೇ ಈ ಲೇಖನಕ್ಕೆ ಕಾರಣ.

ಗಾಳಿಯ ಬಲವೆಷ್ಟು?

ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ಸುಮಾರು 1.2 ಕಿಲೋಗ್ರಾಂ. ಚಲಿಸುವ ಗಾಳಿಯು ತನಗೆ ಅಡ್ಡವಾದ ವಸ್ತುವಿನ ಮೇಲೆ ಹಾಕುವ ಒತ್ತಡವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ವೇಗವು ಸೆಕೆಂಡಿಗೆ 10 ಮೀಟರ್, ಎಂದರೆ ಗಂಟೆಗೆ 36 ಕಿಲೋಮೀಟರ್ ಆದಾಗ ಈ ಒತ್ತಡವು ಚದರ ಮೀಟರಿಗೆ 60 ನ್ಯೂಟನ್. ವೇಗವು ಇಮ್ಮಡಿಯಾದರೆ ಒತ್ತಡವು ಇಮ್ಮಡಿಯಾಗುವುದಿಲ್ಲ. ನಾಲ್ಮಡಿಯಾಗಿ 240 ನ್ಯೂಟನ್ ಆಗುವುದು. ಸಾಧಾರಣ ಗಾಳಿಯನ್ನು ತಡೆದ ಹಂದರವು ಬಿರುಗಾಳಿಗೆ ಥಟ್ಟನೆ ಸೋಲುವುದು ಇದರಿಂದಲೇ.

10 ಮೀಟರ್ ಉದ್ದ, 6 ಮೀಟರ್ ಅಗಲದ ಹಂದರವೊಂದನ್ನು ಊಹಿಸಿರಿ. ಗಾಳಿಯು ಬಟ್ಟೆಯ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ಉಬ್ಬಿಸುವುದು. ಉಬ್ಬಿದ ಬಟ್ಟೆಯ ಮೇಲೆ ವೇಗವಾಗಿ ಹರಿಯುವ ಗಾಳಿಯ ಒತ್ತಡ ತಗ್ಗಿ ಈ ಎತ್ತುವಿಕೆಗೆ ನೆರವಾಗುವುದು. ಮೇಲಿನ ಒತ್ತಡದಲ್ಲಿ ಅರ್ಧದಷ್ಟೇ ಎತ್ತುವ ಬಲವಾಯಿತೆಂದುಕೊಂಡರೂ 60 ಚದರ ಮೀಟರಿಗೆ 7200 ನ್ಯೂಟನ್ ಆಯಿತು; ಇದು 730 ಕಿಲೋಗ್ರಾಂ ಭಾರಕ್ಕೆ ಸಮ. ನಾಲ್ಕೈದು ಆಳುಗಳು ಹೊತ್ತು ತರುವ ಬಟ್ಟೆಯ ತೂಕವು ಇದರ ಮುಂದೆ ಏನೇನೂ ಅಲ್ಲ. ಹನ್ನೆರಡು ಗೂಟಗಳು ಸಮನಾಗಿ ಹಂಚಿಕೊಂಡರೂ ಒಂದೊಂದರ ಪಾಲಿಗೆ 61 ಕಿಲೋಗ್ರಾಂ ಭಾರದಷ್ಟು ಮೇಲ್ಸೆಳೆತ ಬರುವುದು. ಗೂಟದ ಬದಲು ಕಂಬಕ್ಕೆ ನಾಲ್ಕು ಇಟ್ಟಿಗೆಗಳನ್ನು ಕಟ್ಟಿ ನಿಶ್ಚಿಂತರಾಗುವವರು ಈ ಅಂಕಿಯನ್ನು ನೆನೆಯಬೇಕು.

ಹಗ್ಗದ ಓರೆ

ಇನ್ನು ಪಕ್ಕಕ್ಕೆ ತಳ್ಳುವ ಬಲವನ್ನು ನೋಡೋಣ. ಓರೆಯಾದ ಹಗ್ಗದ ಎಳೆತದಲ್ಲಿ ಎರಡು ಘಟಕಗಳುಂಟು: ಅಡ್ಡ ಘಟಕವು ಹಂದರವನ್ನು ತಡೆಯುವುದು, ಲಂಬ ಘಟಕವು ಗೂಟವನ್ನು ಕೀಳುವುದು. ತಡೆಯಬೇಕಾದ ಅಡ್ಡಬಲ 100 ನ್ಯೂಟನ್ ಎನ್ನಿರಿ. ಹಗ್ಗವು ನೆಲದೊಡನೆ 30 ಅಂಶದ ಕೋನದಲ್ಲಿದ್ದರೆ ಕೀಳುವ ಬಲ 58 ನ್ಯೂಟನ್. 45 ಅಂಶದಲ್ಲಿದ್ದರೆ 100. 60 ಅಂಶದಲ್ಲಿದ್ದರೆ 173. ಜಾಗವಿಲ್ಲವೆಂದು ಗೂಟವನ್ನು ಕಂಬದ ಬುಡಕ್ಕೆ ಸರಿಸಿದಷ್ಟೂ ನಾವೇ ಅದನ್ನು ಕೀಳಲು ಗಾಳಿಗೆ ಸಹಾಯ ಮಾಡಿದಂತಾಗುವುದು. ಆದರೆ ನೇರವಾಗಿ ಮೇಲಕ್ಕೆತ್ತುವ ಬಲವನ್ನು ಈ ಉಪಾಯವು ಕಡಿಮೆ ಮಾಡಲಾರದು. ಅದಕ್ಕೆ ಗೂಟಗಳ ಆಳವೂ ಸಂಖ್ಯೆಯೂ ಬೇಕು.

ಗೂಟದ ತಲೆಯು ಹಂದರದಿಂದ ಹೊರಕ್ಕೆ ವಾಲಿ, ಹಗ್ಗಕ್ಕೆ ಸುಮಾರಾಗಿ ಲಂಬಕೋನದಲ್ಲಿರಬೇಕು. ಆಗ ಎಳೆತವು ಗೂಟದ ಉದ್ದಕ್ಕೆ ಬೀಳದೆ, ಅದರ ಮುಂದಿನ ಮಣ್ಣಿನ ಮೇಲೆ ಹರಡುವುದು. ಹಗ್ಗವನ್ನು ನೆಲಕ್ಕೆ ತಾಗಿಯೇ ಕಟ್ಟಬೇಕು. ಮೇಲೆ ಕಟ್ಟಿದರೆ ಗೂಟವು ಸನ್ನೆಯಾಗಿ ತನ್ನನ್ನು ತಾನೇ ಮೀಟಿಕೊಳ್ಳುವುದು. ಒಂದು ಗೂಟ ಸಾಲದಿದ್ದರೆ ಅದರ ಹಿಂದೆ ಇನ್ನೊಂದನ್ನು ಹೊಡೆದು, ಮುಂದಿನದರ ತಲೆಯನ್ನು ಹಿಂದಿನದರ ಬುಡಕ್ಕೆ ಬಿಗಿಯಬೇಕು. ಆಗ ಮುಂದಿನ ಗೂಟವು ವಾಲಲಾರದು.

ಎರೆಮಣ್ಣಿನ ಸ್ವಭಾವ

ಗೂಟವನ್ನು ಹಿಡಿಯುವುದು ಮಣ್ಣು. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹಬ್ಬಿದ ಎರೆಭೂಮಿಯ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುವುದು, ಆರಿದಾಗ ಕುಗ್ಗಿ ಬಿರಿಯುವುದು. ಬೇಸಿಗೆಯಲ್ಲಿ ಹಾರೆಗೂ ಜಗ್ಗದ ಈ ನೆಲವು ಭದ್ರವೆಂದು ತೋರುವುದು. ಆದರೆ ಬಿರುಕಿನ ಅಂಚಿನಲ್ಲಿ ಹೊಡೆದ ಗೂಟಕ್ಕೆ ಒಂದು ಮಗ್ಗುಲಿನ ಹಿಡಿತವೇ ಇರುವುದಿಲ್ಲ. ಗಣೇಶ ಚತುರ್ಥಿಯ ಕಾಲಕ್ಕೆ ಅದೇ ನೆಲ ನೆನೆದು ಮೆತ್ತಗಾಗಿ, ಬೇಸಿಗೆಯಲ್ಲಿ ಸಾಕಾದ ಗೂಟವು ಆಗ ಸಾಲದಾಗುವುದು. ಬಿರುಕನ್ನು ಬಿಟ್ಟು ಹೊಡೆಯುವುದು, ಮಳೆಗಾಲದಲ್ಲಿ ಉದ್ದವಾದ ಗೂಟ ಬಳಸುವುದು, ಅಥವಾ ಮರದ ತುಂಡೊಂದನ್ನು ಅಡ್ಡಲಾಗಿ ಹೂತು ಅದಕ್ಕೆ ಹಗ್ಗ ಕಟ್ಟುವುದು ಇದಕ್ಕೆ ಪರಿಹಾರ. ಸೆಣಬು, ಹತ್ತಿಗಳ ಹಗ್ಗವು ನೆನೆದರೆ ಗಿಡ್ಡವಾಗಿ ಗೂಟವನ್ನೇ ಜಗ್ಗುವುದು. ನೈಲಾನ್ ಹಗ್ಗವು ನೆನೆದರೆ ಸಡಿಲಾಗುವುದು. ಮಳೆ ಬಂದಾಗ ಮೊದಲನೆಯದನ್ನು ತುಸು ಸಡಿಲಿಸಿ, ಎರಡನೆಯದನ್ನು ಬಿಗಿಯಬೇಕು.

ನೆಲವೇ ನೀರಾದಾಗ

ಕೆನಡಾ, ಫಿನ್ಲೆಂಡ್ ಮೊದಲಾದ ದೇಶಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟುವುವು. ಜನರು ಮಂಜುಗಡ್ಡೆಗೆ ರಂಧ್ರ ಕೊರೆದು, ಮೇಲೆ ಪುಟ್ಟ ಗುಡಾರ ಹೂಡಿ ಮೀನು ಹಿಡಿಯುವರು. ಅಲ್ಲಿ ತಳದ ಘರ್ಷಣೆ ಅತ್ಯಲ್ಪವಾದುದರಿಂದ ಕಟ್ಟದ ಗುಡಾರವು ಹಾಯಿದೋಣಿಯಂತೆ ಜಾರಿಹೋಗುವುದು. ಮಂಜುಗಡ್ಡೆಯು ಪೆಡಸು, ಗೂಟ ಹೊಡೆದರೆ ಸೀಳುವುದು. ಆದುದರಿಂದ ತಿರುಪಿನ ಮೊಳೆಯನ್ನು ತಿರುಗಿಸಿ ಇಳಿಸುವರು. ಅದರ ಎಳೆಗಳು ಸುತ್ತಲಿನ ಗಡ್ಡೆಯನ್ನು ಕಚ್ಚಿ ಹಿಡಿಯುವುವು. ಬಿಸಿಲಿಗೆ ಲೋಹ ಕಾಯ್ದರೆ ಸುತ್ತಲಿನ ಗಡ್ಡೆ ಕರಗಿ ಹಿಡಿತ ತಪ್ಪುವುದರಿಂದ ಮೊಳೆಯ ತಲೆಯ ಮೇಲೆ ಹಿಮವನ್ನು ಮುಚ್ಚುವುದುಂಟು. ಎರಡು ಓರೆ ರಂಧ್ರಗಳನ್ನು ಒಳಗೆ ಕೂಡುವಂತೆ ಕೊರೆದು ಹಗ್ಗ ಪೋಣಿಸಿದರೆ ಮೊಳೆಯೂ ಬೇಡ; ಮಂಜುಗಡ್ಡೆಯೇ ಗೂಟವಾಗುವುದು. ನಮ್ಮ ಎರೆಭೂಮಿಯ ಬಿರುಕೂ ಅವರ ಮಂಜುಗಡ್ಡೆಯ ಕರಗುವಿಕೆಯೂ ಕಲಿಸುವ ಪಾಠ ಒಂದೇ: ಆಸರೆಯನ್ನು ಕಟ್ಟುವ ಮೊದಲು ನೆಲವನ್ನು ಓದಬೇಕು.

ಮಾಡಿ ನೋಡಿರಿ

ಒಂದು ಬಕೆಟ್ಟಿನಲ್ಲಿ ಎರೆಮಣ್ಣನ್ನು ತುಂಬಿ ಒತ್ತಿರಿ. ಉದ್ದನೆಯ ಮೊಳೆಯೊಂದನ್ನು ನೆಟ್ಟು, ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಅದು ಕಿತ್ತುಬರುವಾಗಿನ ಬಲವನ್ನು ಬರೆದುಕೊಳ್ಳಿರಿ. ಮೊಳೆಯ ಓರೆ, ದಾರದ ಕೋನ, ಮಣ್ಣಿನ ತೇವ, ಇವನ್ನು ಒಂದೊಂದಾಗಿ ಬದಲಿಸಿ ನೋಡಿದರೆ ಮೇಲಿನ ಮಾತುಗಳನ್ನು ನೀವೇ ಪರೀಕ್ಷಿಸಬಹುದು.

ಮುಂದಿನ ಸಲ ಹಂದರದೊಳಗೆ ಕಾಲಿಡುವ ಮೊದಲು ಗೂಟಗಳ ಕಡೆಗೊಮ್ಮೆ ಕಣ್ಣು ಹಾಯಿಸಿರಿ. ಲೋಪ ಕಂಡರೆ ಹಿರಿಯರಿಗೆ ಹೇಳಲು ನಾಚಬೇಡಿರಿ. ಮುಗಿಲು ಕಪ್ಪಾಗಿ ಗಾಳಿ ಎದ್ದರೆ ಹಗ್ಗ ಹಿಡಿದು ಸಾಹಸ ಮಾಡದೆ, ಮಕ್ಕಳನ್ನು ಮೊದಲು ಪಕ್ಕಾ ಕಟ್ಟಡಕ್ಕೆ ಕರೆದೊಯ್ಯಿರಿ. ಹಂದರವನ್ನು ಮತ್ತೆ ಕಟ್ಟಬಹುದು.