ಎಲೆ ಉದುರಿದ ಮರವನ್ನು ಗುರುತಿಸುವುದು ಹೇಗೆ?

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಸುತ್ತಲಿನ ಹಲವು ಮರಗಳು ಒಂದೊಂದಾಗಿ ಬೋಳಾಗುತ್ತವೆ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ನೀರು ಕಡಿಮೆ, ಆದರೆ ಎಲೆಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ವ್ಯಾಪಾರ ಇಳಿದಾಗ ಅಂಗಡಿಯವರು ಖರ್ಚು ತಗ್ಗಿಸುವ ಹಾಗೆ ಮರವೂ ಎಲೆ ಉದುರಿಸಿ ನೀರು ಉಳಿಸುತ್ತದೆ. ಆಗ ಈ ನಾಲ್ಕನ್ನು ನೋಡಬೇಕು.

1. ತೊಗಟೆ: ಎಳೆಯ ಬೂರುಗದ ಕಾಂಡದ ತುಂಬ ಬುಡ ದಪ್ಪವಾದ ಮುಳ್ಳುಗಳಿರುತ್ತವೆ. ಕರಿಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ಬಿರಿದಿರುತ್ತದೆ.

2. ಕೊಂಬೆ: ಕಾಡುಬಾದಾಮಿಯ ಕೊಂಬೆಗಳು ಮಹಡಿಗಳಂತೆ ಒಂದರ ಮೇಲೊಂದು ಅಡ್ಡಕ್ಕೆ ಚಾಚಿರುತ್ತವೆ. ಬುಡದಲ್ಲಿ ಕೆಂಪಾಗಿ ಉದುರಿದ ಅಗಲ ಎಲೆಗಳೂ ಸಿಗುತ್ತವೆ.

3. ಎಲೆ ಕಳಚಿದ ಕಲೆ: ದೇವಕಣಗಿಲೆಯ ದಪ್ಪ, ಮೊಂಡು ಕೊಂಬೆಗಳ ಮೇಲೆ ಈ ಕಲೆಗಳು ಚೆನ್ನಾಗಿ ಕಾಣುತ್ತವೆ.

4. ಕಾಯಿ: ಗುಲ್ ಎಂದರೆ ಉರ್ದುವಿನಲ್ಲಿ ಹೂವು. ಆದರೆ ಚಳಿಗಾಲದಲ್ಲಿ ಗುಲ್‌ಮೊಹರ್‌ಗೆ ಹೂವಿಲ್ಲ. ಜೋತಾಡುವ ಉದ್ದನೆಯ ಚಪ್ಪಟೆ ಕಾಯಿಗಳೇ ಗುರುತು. ಬಾಗೆಮರದ ಕಾಯಿಗಳು ಒಣಹುಲ್ಲಿನ ಬಣ್ಣದವು, ಗಾಳಿಗೆ ಗಲಗಲ ಎನ್ನುತ್ತವೆ.

ಒಂದೇ ಗುರುತು ನೋಡಿ ಹೆಸರು ಹೇಳಬೇಡಿ, ಎರಡಾದರೂ ಹೊಂದಬೇಕು.

ಇನ್ನೊಂದು ಮುಖ್ಯ ಮಾತು. ಬೋಳು ಮರವೆಲ್ಲ ಸತ್ತ ಮರವಲ್ಲ. ಎಳೆಯ ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಒಣಗಿದ್ದರೆ ಇನ್ನೆರಡು ಕೊಂಬೆಗಳನ್ನೂ ಪರೀಕ್ಷಿಸಿ. ಬೂರುಗ, ಮುತ್ತುಗಗಳು ಬೋಳು ಕೊಂಬೆಯಲ್ಲೇ ಹೂ ಬಿಡುತ್ತವೆ. ನಿಮ್ಮ ಬೀದಿಯಲ್ಲಿ ಯಾರಾದರೂ "ಒಣಗಿದೆ, ಕಡಿಯೋಣ" ಎಂದರೆ, ಮೊದಲು ಆ ಕಡ್ಡಿಯನ್ನು ಕೆರೆದು ತೋರಿಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ